ಬೇಡವೆಂದ ಸೇನಾನಿ

ಕೌರವನ ಸಭೆಯಲ್ಲಿ ಯುದ್ಧ ಬೇಡವೆಂದು ಹೇಳಿದವನು ಭೀಷ್ಮ. ಕಡೆಗೆ ಕೌರವಸೇನೆಗೆ ಅಧಿಪತಿಯಾಗಿ ನಿಂತವನೂ ಅವನೇ. ಬುದ್ಧಿ ಹೇಳುವುದು, ಹೇಳಿದ ಮೇಲೆ ಆಜ್ಞೆಯನ್ನು ಪಾಲಿಸುವುದು, ಇವೆರಡೂ ಸೇನಾನಿಯ ಧರ್ಮವೆಂದು ನಾನು ತಿಳಿದಿದ್ದೇನೆ. ಆಳುವವರು ಎರಡನೆಯದನ್ನು ಮಾತ್ರ ಬಯಸಿದಾಗ ಅನರ್ಥ ಮೊದಲಾಗುತ್ತದೆ.

ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ವೈಮನಸ್ಯ ಬೆಳೆದು 1959ರಲ್ಲಿ ರಾಜೀನಾಮೆಯಿತ್ತರು. ಪ್ರಧಾನಿ ನೆಹರೂ ಅವರ ಒತ್ತಾಯಕ್ಕೆ ಮಣಿದು ಅದನ್ನು ಹಿಂದಕ್ಕೆ ಪಡೆದರು. ಸೇನೆಗಿಂತ ಪ್ರಜೆಗಳ ಸರ್ಕಾರವೇ ಮೇಲೆಂದು ನೆಹರೂ ಪಾರ್ಲಿಮೆಂಟಿನಲ್ಲಿ ಸಾರಿದರು. ಹಿಂದಿನ ವರ್ಷವಷ್ಟೇ ಪಾಕಿಸ್ತಾನದಲ್ಲಿ ಅಯೂಬ್ ಖಾನರು ರಾಜ್ಯವನ್ನು ಕೈವಶ ಮಾಡಿಕೊಂಡಿದ್ದುದನ್ನು ನೆನೆದರೆ, ಆ ಮಾತನ್ನು ಅಲ್ಲಗಳೆಯಲಾರೆವು. ಆದರೆ ಯುದ್ಧ ಮಾಡಬೇಕೇ ಎಂದು ನಿರ್ಧರಿಸುವ ಹಕ್ಕು ಮಂತ್ರಿಯದಾದರೆ, ಅದು ಸಾಧ್ಯವೇ ಎಂದು ನಿಜವನ್ನು ಹೇಳುವ ಹೊಣೆ ಸೇನಾನಿಯದು.

1962ರಲ್ಲಿ ಥಾಗ್ಲಾ ಬೆಟ್ಟಸಾಲಿನಿಂದ ಚೀಣೀಯರನ್ನು ಹೊರದೂಡಬೇಕೆಂಬ ಆಜ್ಞೆ ಬಂದಿತು. ಸಾಕಷ್ಟು ಸಾಮಗ್ರಿಯಿಲ್ಲದೆ ಅದು ಆಗದ ಕೆಲಸವೆಂದು ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗರು ಆಕ್ಷೇಪಿಸಿದರು. ಅಕ್ಟೋಬರ್ ಮೊದಲಲ್ಲಿ ಆ ಹೊಣೆ ಅವರ ಕೈತಪ್ಪಿ ಬಿ. ಎಂ. ಕೌಲರ ಪಾಲಾಯಿತು. ಅಕ್ಟೋಬರ್ 20ರ ಮುಂಜಾನೆ ಚೀಣೀಯರು ಎರಗಿದರು. ಚಳಿಗೆ ತಕ್ಕ ಉಡುಪೂ ಇಲ್ಲದೆ ನಾಮ್ಕಾಚು ಹೊಳೆಯ ದಡದಲ್ಲಿದ್ದ ನಮ್ಮ ಬ್ರಿಗೇಡು ಕೆಲವೇ ಗಂಟೆಗಳಲ್ಲಿ ಛಿದ್ರವಾಯಿತು. ಅದರ ನಾಯಕ ದಳವಿಯವರು ಸೆರೆಯಾದರು.

1971ರ ಏಪ್ರಿಲ್‌ನಲ್ಲಿ ಜನರಲ್ ಮಾಣೆಕ್ ಷಾ, ಒಡನೆ ಯುದ್ಧಕ್ಕೆ ಹೊರಡುವುದು ಬೇಡವೆಂದು ಇಂದಿರಾ ಗಾಂಧಿಯವರಿಗೆ ಹೇಳಿದುದಾಗಿ ಮುಂದೆ ನೆನೆದಿದ್ದಾರೆ. ಬಂಗಾಳದಲ್ಲಿ ಮಳೆಗಾಲ ಸಮೀಪಿಸಿತ್ತು. ಹಿಮ ಕರಗಿ ಉತ್ತರದ ಕಣಿವೆಗಳು ತೆರೆದರೆ ಚೀಣಾದ ಭಯವಿತ್ತು. ಪ್ರಧಾನಿಯೂ ಆಗಲೇ ಕಾಯಲು ಬಯಸಿದ್ದರೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಹೇಗೇ ಇರಲಿ, ಬೇಡವೆಂದ ಸೇನಾನಿಯ ಪದವಿ ಹೋಗಲಿಲ್ಲ. ಡಿಸೆಂಬರ್ 3ರಂದು ಮೊದಲಾದ ಯುದ್ಧದಲ್ಲಿ 16ರಂದೇ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು.

ತಪ್ಪೆಲ್ಲ ಮಂತ್ರಿಗಳದೆಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗದು. 1962ರಲ್ಲಿ ಪಾರ್ಲಿಮೆಂಟಿನಲ್ಲೂ ಪತ್ರಿಕೆಗಳಲ್ಲೂ, ಹೊಡೆದಟ್ಟಿರೆಂಬ ಕೂಗೇ ಜೋರಾಗಿತ್ತು. ಇಂದಿಗೂ ಗಡಿಯಲ್ಲಿ ಗುಂಡು ಹಾರಿತೆಂದರೆ ಬೆಚ್ಚಗೆ ಮನೆಯಲ್ಲಿ ಕುಳಿತ ನಾವು ಹಾಗೆಯೇ ಕೂಗುತ್ತೇವೆ. ಆಗ ತಾಳಿರೆಂದು ಹೇಳುವ ಸೇನಾನಿಯನ್ನು ಹೇಡಿಯೆಂದು ಕರೆಯುವ ಮುನ್ನ, ಹೊಳೆಯ ದಡದಲ್ಲಿ ನಿಲ್ಲಬೇಕಾದವರು ನಮ್ಮ ಮಕ್ಕಳೆಂಬುದನ್ನು ನೆನೆಯುವುದು ಒಳಿತು.