ರೀಲು ಮುಗಿದ ಮೇಲೂ ನೆಗೆಟಿವ್ ಉಳಿಯಲಿ



ನಮ್ಮ ಶಾಲೆಯಲ್ಲಿ ಓದಿ ಇಂದು ಬೆಂಗಳೂರು, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿರುವ ನಿಮ್ಮಲ್ಲಿ ಕೆಲವರು, ಪ್ರವಾಸಕ್ಕೆ ಹೊರಡುವಾಗ ರೀಲಿನ ಹಳೆಯ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಳ್ಳುತ್ತಿರುವುದನ್ನು ಗಮನಿಸುತ್ತಿದ್ದೇನೆ. ಅಜ್ಜನ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾಕ್ಕೂ ಮರುಜೀವ ಬಂದಿದೆ. 2024ರಲ್ಲಿ ಪೆಂಟ್ಯಾಕ್ಸ್ ಕಂಪನಿಯು ರೀಲು ಹಾಕುವ ಹೊಸ ಕ್ಯಾಮೆರಾವೊಂದನ್ನೇ ಮಾರುಕಟ್ಟೆಗೆ ತಂದಿತು ಎಂದ ಮೇಲೆ, ಇದನ್ನು ನಾಲ್ಕಾರು ಹುಡುಗರ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. ಈ ಹವ್ಯಾಸವನ್ನು ನಾನು ಹಳಿಯುವವನಲ್ಲ. ಆದರೆ ಅದರ ಸಮರ್ಥನೆಗೆ ನೀವು ಕೊಡುವ ಕಾರಣಗಳು ನನಗೆ ಸಾಲವು.

ನೀವು ಹೇಳುವ ಮೊದಲ ಕಾರಣ, ರೀಲಿನ ಬಣ್ಣದ ಸೊಗಸೇ ಬೇರೆ ಎಂಬುದು. ಇರಬಹುದು, ಆದರೆ ಆ ಸೊಗಸನ್ನು ಅನುಕರಿಸುವ ಉಪಾಯಗಳು ಈಗ ಮೊಬೈಲಿನಲ್ಲಿಯೇ ಇವೆ. ಎರಡನೆಯದು, ಒಂದು ರೀಲಿಗೆ ಮೂವತ್ತಾರೇ ಚಿತ್ರಗಳಾದ್ದರಿಂದ ನೋಡಿ, ಯೋಚಿಸಿ ತೆಗೆಯುತ್ತೇವೆ ಎಂಬುದು. ಇದರಲ್ಲಿ ಸತ್ಯವಿದೆ. ಕ್ಲಿಕ್ ಕ್ಯಾಮೆರಾದಲ್ಲಂತೂ ಒಂದು ರೀಲಿಗೆ ಹನ್ನೆರಡೇ ಚಿತ್ರ. ಆದರೂ ಸಂಯಮವನ್ನು ಕಲಿಯಲು ಇಷ್ಟು ಖರ್ಚು ಮಾಡಬೇಕೆಂದಿಲ್ಲ. ಮನಸ್ಸಿದ್ದವನು ಮೊಬೈಲಿನಲ್ಲಿಯೂ ದಿನಕ್ಕೆ ಹನ್ನೆರಡೇ ಚಿತ್ರ ತೆಗೆದಾನು.

ರೀಲಿನ ನಿಜವಾದ ಹಿರಿಮೆ ಇರುವುದು ನೆಗೆಟಿವ್‌ನಲ್ಲಿ. ಬಂಡೆಯ ಮೇಲೆ, ಗುಡಿಯ ಮೇಲೆ ಬಿದ್ದು ಹಿಂದಿರುಗಿದ ಬೆಳಕು ತಾನೇ ಬಂದು ಅದರ ಮೇಲೆ ಗುರುತು ಮಾಡಿರುತ್ತದೆ. ಹೀಗಿರುವಾಗ ನಿಮ್ಮಲ್ಲಿ ಹಲವರು ಅದನ್ನೇ ಬಿಟ್ಟು ಬರುತ್ತಿದ್ದೀರಿ ಎಂದು ಕೇಳಿ ನನಗೆ ಸಂಕಟವಾಯಿತು. ರೀಲು ತೊಳೆಯಲು ಕೊರಿಯರಿನಲ್ಲಿ ಕಳುಹಿಸುವುದು, ಸ್ಕ್ಯಾನ್ ಮಾಡಿದ ಪ್ರತಿ ಇ-ಮೇಲಿನಲ್ಲಿ ಬಂದೊಡನೆ ಸ್ನೇಹಿತರಿಗೆ ತೋರಿಸಿ ಸಂತೋಷಪಡುವುದು, ನೆಗೆಟಿವ್ ಅಲ್ಲಿಯೇ ಕಸದ ಬುಟ್ಟಿಗೆ ಹೋದರೂ ವಿಚಾರಿಸದಿರುವುದು. ಭತ್ತವನ್ನು ಗಿರಣಿಗೆ ಹಾಕಿಸಿ, ಅಕ್ಕಿಯನ್ನು ಅಲ್ಲಿಯೇ ಬಿಟ್ಟು ತೌಡಿನ ಚೀಲವನ್ನು ಹೊತ್ತು ತಂದಂತೆ ಇದು.

ನೆಗೆಟಿವ್ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ನಮ್ಮ ತುಂಗಭದ್ರೆಯ ದಂಡೆಯಲ್ಲಿಯೇ ನಿದರ್ಶನವಿದೆ. 1856ರಲ್ಲಿ ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ತೆಗೆದನು. ಆಗಿನ್ನೂ ರೀಲು ಹುಟ್ಟಿರಲಿಲ್ಲ. ಮೇಣ ಸವರಿದ ದೊಡ್ಡ ಕಾಗದದ ಹಾಳೆಗಳೇ ಅವನ ನೆಗೆಟಿವ್‌ಗಳು. ಆ ದೊಡ್ಡ ಪೆಟ್ಟಿಗೆಯಂತಹ ಕ್ಯಾಮೆರಾವನ್ನು ಬಂಡೆಗಳ ನಡುವೆ ಸಾಗಿಸಿ ಅವನು ಪಟ್ಟ ಶ್ರಮವನ್ನು ನೀವೇ ಊಹಿಸಿಕೊಳ್ಳಿ. ಆ ಹಾಳೆಗಳು ನೂರಕ್ಕೂ ಹೆಚ್ಚು ವರ್ಷ ಮರೆಯಾಗಿದ್ದು, 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅದೇ ಕೋನದಿಂದ ಅದೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು. ನೂರಿಪ್ಪತ್ತೇಳು ವರ್ಷಗಳ ಅಂತರದ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿ ನಿಂತಾಗ, ಯಾವುದು ಉರುಳಿತು, ಯಾವುದು ಉಳಿಯಿತು ಎಂಬುದು ಕಣ್ಣಿಗೆ ಕಟ್ಟಿತು.

ಒಂದೇ ಉದಾಹರಣೆ ಕೊಡುತ್ತೇನೆ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ವಿಠಲ ದೇವಾಲಯದ ಕಲ್ಲಿನ ರಥವಿದೆ. ಅದರ ನೆತ್ತಿ ಬೋಳಾಗಿದೆ. ನಮ್ಮ ಮಕ್ಕಳು ಮೊದಲಿನಿಂದಲೂ ರಥವು ಹೀಗೆಯೇ ಇತ್ತೆಂದು ತಿಳಿಯುತ್ತಾರೆ. ಆದರೆ ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಆ ಹಾಳೆಯನ್ನು ಯಾರೋ ಕೆಲಸಕ್ಕೆ ಬಾರದ್ದೆಂದು ಒಲೆಗೆ ಹಾಕಿದ್ದರೆ, ಶಿಖರದ ರೂಪವನ್ನು ನಾವು ಇಂದು ಹೀಗೆ ಕಣ್ಣಾರೆ ಕಾಣಲು ಸಾಧ್ಯವಿತ್ತೇ?

ಮೊಬೈಲಿನ ಚಿತ್ರವೂ ಉಳಿಯುತ್ತದಲ್ಲ ಎಂದು ನೀವು ಕೇಳಬಹುದು. ಉಳಿಯುತ್ತದೆ, ಉಳಿಸುವವರಿದ್ದರೆ. ಐದಾರು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ಪ್ರತಿ ಮಾಡಬೇಕು, ಪಾಸ್‌ವರ್ಡು ಮನೆಯವರಿಗೆ ತಿಳಿದಿರಬೇಕು, ಸಾವಿರಾರು ಚಿತ್ರಗಳ ರಾಶಿಯಿಂದ ಬೇಕಾದುದನ್ನು ಆರಿಸಬೇಕು. ಇಷ್ಟು ಶ್ರದ್ಧೆಯುಳ್ಳವರಿಗೆ ಮೊಬೈಲೇ ಸಾಕು. ನೆಗೆಟಿವ್ ಇಷ್ಟನ್ನು ಬೇಡುವುದಿಲ್ಲ. ಮರೆತುಹೋದ ಟ್ರಂಕಿನಲ್ಲಿ ಅದು ಕಾಯುತ್ತಿರುತ್ತದೆ. ಮೊಮ್ಮಕ್ಕಳು ಕಿಟಕಿಯ ಬೆಳಕಿಗೆ ಹಿಡಿದರೆ ಕಾಣುತ್ತದೆ.

ಇನ್ನೊಂದು ಮಾತು. ನೀವೆಲ್ಲ ಕ್ಯಾಮೆರಾ ಹಿಡಿದು ಹಂಪಿಗೆ ಓಡುತ್ತೀರಿ. ಹಂಪಿಗೆ ಚಿತ್ರಗಳ ಬಡತನವಿಲ್ಲ. ಅಲ್ಲಿಂದ ಹರಿದು ಬರುವ ಅದೇ ಹೊಳೆಯ ದಂಡೆಯ ದಢೇಸುಗೂರಿಗೆ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿದ ಮೇಲೆ, ಜೋಳ, ಹತ್ತಿಯ ಎರೆಹೊಲಗಳು ಭತ್ತದ ಗದ್ದೆಗಳಾದವು. ಇಷ್ಟು ದೊಡ್ಡ ಬದಲಾವಣೆಗೆ ಮುಂಚಿನ ನಮ್ಮ ಹೊಲಗಳ ಒಂದು ಚಿತ್ರವನ್ನಾದರೂ ನಾನು ಯಾರ ಮನೆಯಲ್ಲಿಯೂ ಕಂಡಿಲ್ಲ. ಹಿರಿಯರು ಹೇಳಿದ್ದನ್ನು ಕೇಳಬೇಕಷ್ಟೆ, ಹೇಳುವವರೂ ಕಡಿಮೆಯಾಗುತ್ತಿದ್ದಾರೆ. ಇಂದಿನ ಗದ್ದೆಯೂ, ಕಾಲುವೆಯ ಏರಿಯೂ, ನಾಟಿ ಹಚ್ಚುವ ಹೆಣ್ಣುಮಕ್ಕಳ ಸಾಲೂ ನಾಳೆ ಹೀಗೆಯೇ ಕಥೆಯಾಗುತ್ತವೆ. ರಜೆಗೆ ಊರಿಗೆ ಬಂದಾಗ ಒಂದು ರೀಲನ್ನು ಇವಕ್ಕಾಗಿ ಮೀಸಲಿಡಿ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ದೊರೆತ ಮಸ್ಕಿಯ ಬಂಡೆಗಳಿವೆ, ಲಿಂಗಸುಗೂರು ಕಡೆಗೆ ಹೋದರೆ ಮುದಗಲ್ಲಿನ ಕೋಟೆಯಿದೆ. ಹೆಂಗಸರ, ಹಿರಿಯರ ಚಿತ್ರ ತೆಗೆಯುವಾಗ ಮೊದಲು ಅವರ ಒಪ್ಪಿಗೆ ಕೇಳುವುದನ್ನು ಮಾತ್ರ ಮರೆಯಬೇಡಿ.

ಈ ಸೀಮೆಗೆ ಬರುವವರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ಬಿಸಿಲೇ ರೀಲಿನ ಮೊದಲ ವೈರಿ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ, ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡಬೇಡಿ. ಹಳೆಯ ಕ್ಯಾಮೆರಾದ ಬೆಳಕಿನ ಮೀಟರು ಕೆಟ್ಟಿದ್ದರೆ ಚಿಂತೆಯಿಲ್ಲ. ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16ಕ್ಕೆ ಇಟ್ಟು, 100 ವೇಗದ ರೀಲಿಗೆ ಶಟರನ್ನು ಸೆಕೆಂಡಿನ 125ನೆಯ ಒಂದು ಭಾಗಕ್ಕೆ ಇಟ್ಟರೆ ಸಾಕು. ವಿಮಾನ ನಿಲ್ದಾಣಗಳ ಹೊಸ ಸಿ.ಟಿ. ಯಂತ್ರಗಳು ರೀಲನ್ನು ಹಾಳುಮಾಡುತ್ತವೆ. ಕೈಯಿಂದ ಪರೀಕ್ಷಿಸುವಂತೆ ವಿನಯದಿಂದ ಕೇಳಿಕೊಳ್ಳಿ. ಮುಗಿದ ರೀಲನ್ನು ತಡಮಾಡದೆ ತೊಳೆಸಿ. ಕೋಡಾಕ್ರೋಮ್ ಎಂಬ ಪ್ರಸಿದ್ಧ ರೀಲಿನ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ತೊಳೆಯುತ್ತಿದ್ದ ಅಮೆರಿಕದ ಕಟ್ಟಕಡೆಯ ಅಂಗಡಿಯೂ 2010ರ ಡಿಸೆಂಬರಿನಲ್ಲಿ ಆ ರೀಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆಮೇಲೆ ಪೆಟ್ಟಿಗೆಗಳಲ್ಲಿ ಉಳಿದುಹೋದ ರೀಲುಗಳ ಬಣ್ಣ ಸಾಮಾನ್ಯರಿಗೆ ದಕ್ಕಲಿಲ್ಲ. ನಮ್ಮ ದೇಶದ್ದೇ ಆದ ಇಂದು ರೀಲನ್ನು ತಯಾರಿಸುತ್ತಿದ್ದ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ, 1960ರಲ್ಲಿ ಸ್ಥಾಪನೆಯಾದುದು, ಅದೂ ಮುಚ್ಚಿಹೋಯಿತು. ರೀಲು ಸುಲಭವಾಗಿ ಸಿಗುವ ಕಾಲ ಎಂದೆಂದಿಗೂ ಇರುತ್ತದೆಂದು ನಂಬಬೇಡಿ.

ದುಬಾರಿ ಎಂಬ ಆಕ್ಷೇಪ ನಿಜವೇ. ರೀಲಿಗೆ, ತೊಳೆಸುವುದಕ್ಕೆ, ಕೊರಿಯರಿಗೆ ಎಂದು ಪ್ರತಿ ಸಲ ನೂರಾರು ರೂಪಾಯಿ ಹೋಗುತ್ತದೆ. ಆದ್ದರಿಂದಲೇ ಕೊಟ್ಟ ಹಣಕ್ಕೆ ಬರಬೇಕಾದುದನ್ನು ಕೇಳಿ ಪಡೆಯಿರಿ ಎನ್ನುತ್ತೇನೆ. ರೀಲನ್ನು ಕಳುಹಿಸುವಾಗಲೇ ನೆಗೆಟಿವ್ ಹಿಂದಿರುಗಿಸಬೇಕೆಂದು ಬರೆದು ತಿಳಿಸಿ. ಬಂದುದನ್ನು ಲಕೋಟೆಯಲ್ಲಿಟ್ಟು, ತಂಪಾದ, ತೇವವಿಲ್ಲದ ಜಾಗದಲ್ಲಿ ಇಡಿ. ಬಣ್ಣದ ನೆಗೆಟಿವ್ ಕಾಲಕ್ರಮದಲ್ಲಿ ಮಾಸುತ್ತದೆ. ಬಹುಕಾಲ ಉಳಿಯಬೇಕಾದುದಕ್ಕೆ ಕಪ್ಪುಬಿಳುಪಿನ ರೀಲು ಲೇಸು.

ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಮೂರು ಸಂಗತಿ ಬರೆಯಿರಿ: ಊರು, ದಿನಾಂಕ, ನೀವು ನಿಂತು ನೋಡಿದ ದಿಕ್ಕು. ಉದಾಹರಣೆಗೆ, ದಢೇಸುಗೂರು, ಹೊಳೆಯ ದಂಡೆ, ಪೂರ್ವಾಭಿಮುಖವಾಗಿ. ತರಗತಿಯಲ್ಲಿ ಉತ್ತರಪತ್ರಿಕೆಯ ಮೇಲೆ ಹೆಸರು ಬರೆಯಲು ಮರೆತವರಿಗೆ ಅಂಕ ಕೊಡುವುದು ಹೇಗೆಂದು ನಾನು ಕೇಳುತ್ತಿದ್ದುದು ನಿಮಗೆ ನೆನಪಿರಬಹುದು. ಹೆಸರಿಲ್ಲದ ನೆಗೆಟಿವ್‌ನದೂ ಅದೇ ಗತಿ. ಗೋಲಿಂಗ್ಸರಂತೆ ನೂರು ವರ್ಷಗಳ ಮೇಲೆ ಯಾರಾದರೂ ನಮ್ಮ ಹೊಳೆಯ ದಂಡೆಗೆ ಬಂದರೆ, ಎಲ್ಲಿ ನಿಲ್ಲಬೇಕೆಂದು ಅವರಿಗೆ ಹೇಳುವುದು ಆ ಪೆನ್ಸಿಲಿನ ಒಂದು ಸಾಲು ಮಾತ್ರ.