ಗಯ್ಯಾಳಿ ಅಂದವರು ಯಾರು?



ಈ ಸಲದ ವಾರ್ಷಿಕೋತ್ಸವಕ್ಕೆ ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಕನ್ನಡದಲ್ಲಿ ಆಡೋಣ ಅಂತ ಮೇಷ್ಟ್ರು ಹೇಳಿದ್ದಾರೆ. ಕಥೆ ನಿಮಗೆ ಹೊಸದಲ್ಲ. 1989ರ ‘ನಂಜುಂಡಿ ಕಲ್ಯಾಣ’ ಸಿನಿಮಾವನ್ನು ಟಿ.ವಿ.ಯಲ್ಲಿ ನೋಡಿದ್ದೀರಲ್ಲ, ಅದಕ್ಕೆ ಮೂಲ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕ. ಅದಕ್ಕೂ ಮೂಲ ನಾನೂರು ವರ್ಷಕ್ಕೂ ಹಳೆಯದಾದ ಈ ಇಂಗ್ಲಿಷ್ ನಾಟಕ. ಬಾಯಿ ಜೋರಿನ ಹುಡುಗಿಯನ್ನು ಗಂಡ ಪಳಗಿಸುತ್ತಾನೆ, ಜನ ನಗ್ತಾರೆ. ಆಡೋಣ, ನನ್ನ ತಕರಾರಿಲ್ಲ. ಆದರೆ ಯಾರನ್ನು ನೋಡಿ ನಗಬೇಕು?

ಇಟಲಿಯ ಪಡುವಾ ಊರಿನ ಸಾಹುಕಾರ ಬ್ಯಾಪ್ಟಿಸ್ಟಾನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕ್ಯಾಥರಿನಾಳ ಮದುವೆ ಆಗದೆ ಚಿಕ್ಕವಳು ಬಿಯಾಂಕಾಳನ್ನು ಕೊಡೋದಿಲ್ಲ ಅಂತ ಅವನ ಹಟ. (ನಮ್ಮೂರಿನ ಮಾತಿನ ಹಾಗೇ ಇದೆ!) ಪೆಟ್ರೂಶಿಯೋ ಬಂದವನೇ ವರದಕ್ಷಿಣೆ ಎಷ್ಟು ಅಂತ ಕೇಳುತ್ತಾನೆ. ಇಪ್ಪತ್ತು ಸಾವಿರ ಕ್ರೌನು, ಮಾವ ಸತ್ತ ಮೇಲೆ ಅರ್ಧ ಜಮೀನು. ಮೊದಲು ಮಗಳ ಮನಸ್ಸು ಗೆಲ್ಲು ಅಂತ ಅಪ್ಪ ಹೇಳೋದೇನೋ ನಿಜ. ಆದರೆ ಭಾನುವಾರ ಮದುವೆ ಅಂದಾಗ, ಅದಕ್ಕಿಂತ ಮೊದಲು ನಿನ್ನನ್ನು ನೇಣಿಗೆ ಹಾಕೋದನ್ನ ನೋಡ್ತೀನಿ ಅಂತ ಅವಳು ಎಲ್ಲರೆದುರು ಹೇಳಿದರೂ ಅಪ್ಪ ಕೈ ಹಿಡಿಸಿಯೇ ಬಿಡುತ್ತಾನೆ. ಬಿಯಾಂಕಾಳದ್ದಂತೂ ಸಂತೆಯ ಹರಾಜು. ಯಾರು ಹೆಚ್ಚು ಆಸ್ತಿ ಬರೆದುಕೊಡ್ತಾರೋ ಅವರಿಗೆ ಹುಡುಗಿ.

ಮದುವೆ ಆದ ಮೇಲೆ ಪೆಟ್ರೂಶಿಯೋ ಅವಳಿಗೆ ಊಟ ಕೊಡೋದಿಲ್ಲ, ನಿದ್ದೆ ಮಾಡಲು ಬಿಡೋದಿಲ್ಲ. ಬೇಟೆಯ ಗಿಡುಗವನ್ನು ಉಪವಾಸ ಕೆಡವಿ ಪಳಗಿಸೋ ಹಾಗೆ ಅಂತ ತಾನೇ ಹೇಳಿಕೊಳ್ಳುತ್ತಾನೆ. ಹಗಲಲ್ಲಿ ಸೂರ್ಯನನ್ನು ತೋರಿಸಿ ಚಂದ್ರ ಅನ್ನಬೇಕು ಅಂತಾನೆ, ಅವಳು ಅನ್ನುತ್ತಾಳೆ. ನಾವು ಕೋಲು ಹಿಡಿದು ಹೋರಿ ಪಳಗಿಸುವವರು. ಆದರೂ ಮೇವು ಹಾಕ್ತೀವಲ್ಲ!

ಕೊನೆಗೆ ಮೂವರು ಗಂಡಂದಿರು ಯಾರ ಹೆಂಡತಿ ಕರೆದ ಕೂಡಲೇ ಬರುತ್ತಾಳೆ ಅಂತ ನೂರು ಕ್ರೌನು ಪಂದ್ಯ ಕಟ್ಟುತ್ತಾರೆ. ಸಾಧು ಅನ್ನಿಸಿಕೊಂಡ ಬಿಯಾಂಕಾ ಬರೋದಿಲ್ಲ. ಕ್ಯಾಥರಿನಾ ಬಂದು, ಗಂಡನೇ ಒಡೆಯ ಅಂತ 44 ಸಾಲು ಮಾತಾಡುತ್ತಾಳೆ. ಖುಷಿಯಾಗಿ ಅವಳಪ್ಪ ಇನ್ನೂ ಇಪ್ಪತ್ತು ಸಾವಿರ ಸೇರಿಸಿ ಕೊಡುತ್ತಾನೆ. ಇಷ್ಟೆಲ್ಲ ಲೆಕ್ಕದಲ್ಲಿ ಅವಳ ಕೈಗೆ ಬಂದ ಕಾಸು ಎಷ್ಟು, ನೀವೇ ಹೇಳಿ. ನನಗೆ ನಗು ಬಂದಿದ್ದು ಈ ಅಪ್ಪನನ್ನು ನೋಡಿ.

ಆ ಕಾಲದಲ್ಲೇ ಇದಕ್ಕೆ ಉತ್ತರ ಕೊಟ್ಟವರಿದ್ದಾರೆ. ಜಾನ್ ಫ್ಲೆಚರ್ ಎಂಬಾತ ಸುಮಾರು 1611ರಲ್ಲಿ ಬರೆದ ನಾಟಕದಲ್ಲಿ, ಎರಡನೇ ಹೆಂಡತಿ ಮರಿಯಾ ಇದೇ ಪೆಟ್ರೂಶಿಯೋನನ್ನು ಹೊಸಿಲಾಚೆ ನಿಲ್ಲಿಸಿ ಪಳಗಿಸುತ್ತಾಳೆ. ಮೇಷ್ಟ್ರು ಆ ಕಥೆಯನ್ನೂ ನಮಗೆ ಹೇಳಬೇಕು.

ಆಗಿನ ಇಂಗ್ಲೆಂಡಿನ ರಂಗದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ಹುಡುಗರೇ ಕ್ಯಾಥರಿನಾ ಆಗುತ್ತಿದ್ದರು. ನಮ್ಮಲ್ಲೂ ಈ ಸಲ ಒಬ್ಬ ಹುಡುಗನಿಗೇ ಸೀರೆ ಉಡಿಸೋಣ ಅನ್ನೋ ಮಾತು ನಡೀತಿದೆಯಂತೆ. ಯಾಕೆ ಸ್ವಾಮಿ? ಆ 44 ಸಾಲನ್ನು ಅಳುತ್ತಾ ಹೇಳಬೇಕೋ, ಅಣಕಿಸುತ್ತಾ ಹೇಳಬೇಕೋ ಅನ್ನೋದನ್ನ ಒಬ್ಬ ಹುಡುಗಿಯೇ ನಿಂತು ತೀರ್ಮಾನಿಸಲಿ.

ಹೆಸರು ಕೊಡೋದಕ್ಕೆ ಶುಕ್ರವಾರ ಕಡೇ ದಿನ. ನಾನು ಕೊಟ್ಟಿದ್ದೇನೆ.

– ಹತ್ತನೇ ತರಗತಿ ವಿದ್ಯಾರ್ಥಿನಿ