ಉಡುಗೊರೆಯೋ, ಕೈಕೋಳವೋ?

ಕಳೆದ ತಿಂಗಳು ನನ್ನ ಹಳೆಯ ಶಾಲೆಯ ಗೆಳೆಯರು ಮೂವರು ನನ್ನನ್ನು ಹುಡುಕಿಕೊಂಡು ಬಂದರು. ನಾನು ಸೀಮೆಸುಣ್ಣ ಕೆಳಗಿಟ್ಟು ಸಂಘಟನೆಯ ಕೆಲಸಕ್ಕೆ ಬಂದು ವರ್ಷಗಳಾದರೂ ಅವರ ಬಾಯಲ್ಲಿ ನಾನಿನ್ನೂ ಮೇಷ್ಟ್ರೇ. ಶಾಲೆಯ ಮುಖ್ಯೋಪಾಧ್ಯಾಯಿನಿಯವರು ನಿವೃತ್ತರಾಗುತ್ತಿದ್ದಾರೆ. ತಲೆಗೆ ಇನ್ನೂರರಂತೆ ಚಂದಾ ಎತ್ತಿ ಮೂರು ಸಾವಿರ ರೂಪಾಯಿ ಕೂಡಿದೆ. ಹಿಂದಿನವರಿಗೆ ಕೊಟ್ಟ ಹಾಗೆ ಶಾಲು, ಗೋಡೆ ಗಡಿಯಾರ ಬೇಡ. ಈ ಸಲ ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್ ಕೊಡೋಣವೆಂದು ತೀರ್ಮಾನವಾಗಿದೆ. ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ನಿದ್ದೆ ಅಳೆಯುತ್ತದೆ. "ಯಾವುದನ್ನು ಕೊಳ್ಳೋಣ, ಹೇಳಿ ಮೇಷ್ಟ್ರೇ" ಎಂದರು.

"ಮೇಡಂ ಅವರನ್ನು ಕೇಳಿದಿರಾ?" ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. "ಉಡುಗೊರೆಯನ್ನು ಯಾರಾದರೂ ಕೇಳಿ ಕೊಡುತ್ತಾರೆಯೇ?"

ನಿಜ, ಶಾಲನ್ನು ಕೇಳದೆಯೇ ಕೊಡಬಹುದು. ಶಾಲು ತನ್ನನ್ನು ಹೊದ್ದವರ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ. ಗೋಡೆ ಗಡಿಯಾರ ಮನೆಯವರಿಗೆ ಗಂಟೆ ತೋರಿಸುತ್ತದೆಯೇ ಹೊರತು, ಮನೆಯವರು ಎಷ್ಟು ಗಂಟೆಗೆ ಮಲಗಿದರೆಂದು ಪರದೇಶದ ಕಂಪೆನಿಗೆ ವರದಿ ಒಪ್ಪಿಸುವುದಿಲ್ಲ. ಈ ಬ್ಯಾಂಡಿನ ಜಾತಿಯೇ ಬೇರೆ. ಇಂದು ಹುಟ್ಟುಹಬ್ಬಕ್ಕೆ, ಮದುವೆಗೆ, ನಿವೃತ್ತಿಗೆ ಇದೇ ಉಡುಗೊರೆಯಾಗುತ್ತಿರುವುದರಿಂದ ಅಂದು ಗೆಳೆಯರೊಡನೆ ಆಡಿದ ಮಾತನ್ನು ಓದುಗರ ಮುಂದೆಯೂ ಇಡುತ್ತೇನೆ. ಅಂಗಡಿಯವನು ಬಣ್ಣ ತೋರಿಸುತ್ತಾನೆ, ಬ್ಯಾಟರಿ ಎಷ್ಟು ದಿನ ಬಾಳುತ್ತದೆಂದು ಹೇಳುತ್ತಾನೆ. ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಅವನೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ: ಈ ಎಣಿಕೆ ಯಾರ ಸ್ವತ್ತು?

ಹತ್ತು ಸಾವಿರದ ಮಂತ್ರ

ಕೈಗೆ ಕಟ್ಟಿದ ಮೊದಲ ದಿನವೇ ಇಂತಹ ಎಷ್ಟೋ ಯಂತ್ರಗಳು ಅಪ್ಪಣೆ ಮಾಡುತ್ತವೆ: ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆ! ಇದು ಯಾವ ವೈದ್ಯಶಾಸ್ತ್ರದ ಮಾತು? ಶಾಸ್ತ್ರದ ಮಾತಲ್ಲ, ವ್ಯಾಪಾರದ ಮಾತು. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದು ಜಪಾನಿನಲ್ಲಿ ವ್ಯಾಯಾಮದ ಗಾಳಿ ಬೀಸಿತ್ತು. 1965ರಲ್ಲಿ ಅಲ್ಲಿಯ ಯಮಾಸಾ ಎಂಬ ಕಂಪೆನಿ ಹೆಜ್ಜೆ ಎಣಿಸುವ ಸಣ್ಣ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು 'ಮಾನ್ಪೊ-ಕೇ'. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಡಬ್ಬಿಯ ಮೇಲಿನ ಆ ಹೆಸರೇ ಮುಂದೆ ಜಗತ್ತಿಗೆಲ್ಲ ಆರೋಗ್ಯದ ಸೂತ್ರವಾಗಿ ಕುಳಿತಿತು.

ಹಾಗಾದರೆ ಪರೀಕ್ಷಿಸಿ ನೋಡಿದವರು ಹೇಳುವುದೇನು? ಅಮೆರಿಕೆಯ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 16,741 ಮಂದಿ ಹಿರಿಯ ಹೆಂಗಸರ ನಡಿಗೆಯನ್ನು ಅಳೆದು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿ, ಸುಮಾರು 7,500ಕ್ಕೆ ಬಂದು ನಿಂತಿತು. ನಮ್ಮ ಮೇಡಂ ಅವರಂಥವರಿಗೆ ಉಡುಗೊರೆ ಕೊಡುವಾಗ ಈ ಮಾತು ನೆನಪಿರಲಿ. ಮಂಡಿ ನೋಯುವ ಹಿರಿಯರ ಕೈಗೆ ಹತ್ತು ಸಾವಿರದ ಗುರಿ ಕಟ್ಟಿ, ಪ್ರತಿ ರಾತ್ರಿಯೂ "ನೀನು ನಪಾಸು" ಎಂದು ಹೇಳಿಸುವುದು ಯಾವ ಸೀಮೆಯ ಗೌರವ?

ಯಂತ್ರದ ಕಣ್ಣಿಗೆ ಬೀಳದ ದುಡಿಮೆ

ಬ್ಯಾಂಡಿನೊಳಗೆ ಕಾಲನ್ನು ನೋಡುವ ಕಣ್ಣಿಲ್ಲ. ಅಲುಗಾಟವನ್ನು ಅಳೆಯುವ ಒಂದು ಚೂರು ಯಂತ್ರ ಅದರಲ್ಲಿದೆ. ಕೈ ಬೀಸಿದ ಬಗೆಯನ್ನು ನೋಡಿ ಇದು ಹೆಜ್ಜೆಯಿರಬೇಕೆಂದು ಅದು ಊಹಿಸುತ್ತದೆ. ಆದ್ದರಿಂದ ಉದ್ಯಾನದಲ್ಲಿ ಕೈಬೀಸಿ ನಡೆಯುವವನ ಲೆಕ್ಕ ಹೆಚ್ಚುಕಡಿಮೆ ಸರಿಬರುತ್ತದೆ. ತಳ್ಳುಗಾಡಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಊರೆಲ್ಲ ಸುತ್ತುವವನ ಹೆಜ್ಜೆಗಳು ಎಷ್ಟೋ ತಪ್ಪಿಹೋಗುತ್ತವೆ. ತಲೆಯ ಮೇಲಿನ ಹೊರೆಯನ್ನು ಕೈಯೆತ್ತಿ ಹಿಡಿದು ನಡೆಯುವ ತಾಯಿಯ ಗತಿಯೂ ಅದೇ. ವಿಹಾರಕ್ಕೆ ಅಂಕ, ದುಡಿಮೆಗೆ ಸೊನ್ನೆ! ಯಾರೋ ಬೇಕೆಂದು ಮಾಡಿದ ಸಂಚು ಇದು ಎಂದು ನಾನು ಹೇಳುವುದಿಲ್ಲ. ಆದರೆ ಈ ಯಂತ್ರ ಕಟ್ಟಿದವರ ಮನಸ್ಸಿನಲ್ಲಿ ಯಾರ ಕೈ ಇತ್ತು ಎಂಬುದು ಇದರಿಂದ ತಿಳಿಯುವುದಿಲ್ಲವೆ?

ಕ್ಯಾಲೊರಿ ಲೆಕ್ಕ ಇನ್ನೂ ಸೋಜಿಗದ್ದು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಇಂತಹ ಏಳು ಯಂತ್ರಗಳನ್ನು 60 ಜನರ ಕೈಗೆ ಕಟ್ಟಿ ಪರೀಕ್ಷಿಸಿದರು. ನಾಡಿಮಿಡಿತದ ಎಣಿಕೆ ಏಳರಲ್ಲಿ ಆರು ಯಂತ್ರಗಳಲ್ಲಿ ಶೇಕಡಾ 5ರೊಳಗಿನ ತಪ್ಪಿನಲ್ಲಿ ನಿಂತಿತು, ಅದನ್ನು ಒಪ್ಪೋಣ. ಖರ್ಚಾದ ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾದ ಯಂತ್ರವೇ ಸರಾಸರಿ ಶೇಕಡಾ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93ರಷ್ಟು ತಪ್ಪಿತು. ನೂರು ರೂಪಾಯಿಯ ಸಾಮಾನಿಗೆ ನೂರ ತೊಂಬತ್ತಮೂರು ಎಂದು ಬರೆಯುವ ಗುಮಾಸ್ತೆಯನ್ನು ಯಾವ ಸಹಕಾರ ಸಂಘದಲ್ಲಿ ಇಟ್ಟುಕೊಳ್ಳುತ್ತಾರೆ?

ಸಕ್ಕರೆ ಕಾಯಿಲೆಯ ತಂದೆತಾಯಿಗೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಸೂಜಿ ಚುಚ್ಚದೆಯೇ ರಕ್ತದ ಸಕ್ಕರೆ ಅಳೆಯುತ್ತೇವೆಂದು ಸಾರುವ ಗಡಿಯಾರಗಳೂ ಉಂಗುರಗಳೂ ಬಜಾರಿಗೆ ಬಂದಿವೆ. ತಾವಾಗಿಯೇ ಸಕ್ಕರೆ ಅಳೆಯುವ ಇಂತಹ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಇವನ್ನು ನಂಬಬೇಡಿ ಎಂದು ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆ 2024ರ ಫೆಬ್ರವರಿಯಲ್ಲಿ ಸಾರಿ ಹೇಳಿತು. ಅದರ ಲೆಕ್ಕ ನಂಬಿ ಇನ್ಸುಲಿನ್ ಹೆಚ್ಚು ಚುಚ್ಚಿಕೊಂಡರೆ ಹೋಗುವುದು ಪ್ರಾಣ.

ಹಾಗೆಂದು ಬ್ಯಾಂಡೆಲ್ಲ ಬರಿಯ ಮೋಸವೆಂದು ನಾನು ವಾದಿಸುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಂತೆ, ಇದನ್ನು ಕಟ್ಟಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದರು. ಕುಳಿತು ಕೆಲಸ ಮಾಡುವವನಿಗೆ ಅದು ಲಾಭವೇ. ತನ್ನ ಇಚ್ಛೆಯಿಂದ ಕಟ್ಟಿ, ತನ್ನ ಇಚ್ಛೆಯಿಂದ ಬಿಚ್ಚುವವನ ಜೊತೆ ನನಗೆ ಜಗಳವಿಲ್ಲ. ಜಗಳವಿರುವುದು ಎಣಿಕೆಯನ್ನು ಹೊತ್ತೊಯ್ಯುವವನ ಜೊತೆ.

ಕೊಂಡದ್ದು ಏನನ್ನು?

ಫಿಟ್‌ಬಿಟ್ ಎಂಬ ಅಮೆರಿಕೆಯ ಕಂಪೆನಿ ಹುಟ್ಟಿದ್ದು 2007ರಲ್ಲಿ. 2019ರ ನವೆಂಬರಿನಲ್ಲಿ ಗೂಗಲ್ ಅದನ್ನು 210 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. 2021ರ ಜನವರಿಯಲ್ಲಿ ವ್ಯಾಪಾರ ಮುಗಿಯಿತು. ಅಷ್ಟು ಹಣ ರಬ್ಬರು ಪಟ್ಟಿಗೇ? ಆಗ ಅದನ್ನು ಬಳಸುತ್ತಿದ್ದವರು 2 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ. ಅವರ ನಾಡಿ, ನಿದ್ದೆ, ನಡಿಗೆ ಕಂಪೆನಿಯ ಕಡತದಲ್ಲಿದ್ದವು. ಯೂರೋಪಿನ ಸರ್ಕಾರಗಳ ಒಕ್ಕೂಟ ಇದನ್ನು ಅರಿತೇ, ಈ ಮಾಹಿತಿಯನ್ನು ಹತ್ತು ವರ್ಷ ಜಾಹೀರಾತಿಗೆ ಬಳಸಕೂಡದೆಂದು ಷರತ್ತು ಹಾಕಿತು. ಆ ಷರತ್ತು ಯೂರೋಪಿನವರ ನಾಡಿಗೆ. ನಮ್ಮ ನಾಡಿಗೆ?

ನೀವು ನಾಳೆ ಮೇಡಂ ಅವರಿಗೆ ಬ್ಯಾಂಡ್ ಕೊಟ್ಟರೆ ಅವರು ಮೊಬೈಲಿನಲ್ಲಿ ಆ್ಯಪ್ ಹಾಕಿಕೊಳ್ಳಬೇಕು. ವಯಸ್ಸು, ತೂಕ, ಎತ್ತರ ಬರೆಯಬೇಕು. ಇಂಗ್ಲಿಷಿನಲ್ಲಿರುವ ಮಾರುದ್ದದ ಷರತ್ತುಗಳ ಕೆಳಗೆ ಒಪ್ಪಿಗೆ ಒತ್ತಬೇಕು. ದುಡ್ಡು ನಿಮ್ಮದು, ಮೈ ಅವರದು, ಲೆಕ್ಕದ ಪುಸ್ತಕ ಕಂಪೆನಿಯದು. ಇದನ್ನು ಉಡುಗೊರೆಯೆನ್ನಬೇಕೋ, ಜೀತದ ಪತ್ರವೆನ್ನಬೇಕೋ?

ಮೇಷ್ಟ್ರುಗಳ ಮುಷ್ಕರ

ಇಲ್ಲಿ ನಮ್ಮ ಗೆಳೆಯರಲ್ಲಿ ಒಬ್ಬರು, "ಹೆಜ್ಜೆ ಲೆಕ್ಕ ತಿಳಿದು ಅವರೇನು ಮಾಡುತ್ತಾರೆ ಬಿಡಿ" ಎಂದರು. ಅವರಿಗೆ ನಮ್ಮ ವೃತ್ತಿಬಾಂಧವರದೇ ಕಥೆ ಹೇಳಿದೆ.

ಅಮೆರಿಕೆಯ ವೆಸ್ಟ್ ವರ್ಜೀನಿಯ ಕಲ್ಲಿದ್ದಲು ಗಣಿಗಳ ಬಡ ರಾಜ್ಯ. ಅಲ್ಲಿಯ ಶಿಕ್ಷಕರಿಗೂ ಸರ್ಕಾರಿ ನೌಕರರಿಗೂ ಒಂದು ಹೊಸ ಯೋಜನೆ ಬಂತು: ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು ನಡಿಗೆಯ, ಆರೋಗ್ಯದ ಅಂಕ ಗಳಿಸಬೇಕು, ಇಲ್ಲದಿದ್ದರೆ ಆರೋಗ್ಯ ವಿಮೆಗೆ ತಿಂಗಳಿಗೆ 25 ಡಾಲರ್ ಹೆಚ್ಚು ತೆರಬೇಕು. ಸಂಬಳ ಏರಿಸಿ ಎಂದು ಕೇಳಿದವರಿಗೆ ಹೆಜ್ಜೆ ಎಣಿಸಿ ಎಂಬ ಉತ್ತರ! ಸಂಬಳದ ಮತ್ತು ವಿಮೆಯ ಸಂಕಟಕ್ಕೆ ಈ ಅವಮಾನವೂ ಸೇರಿ ಶಿಕ್ಷಕರು ಸಿಡಿದೆದ್ದರು. ವಿರೋಧ ಕಂಡು ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಆದರೂ ಉಳಿದ ಬೇಡಿಕೆಗಳಿಗಾಗಿ 2018ರ ಫೆಬ್ರವರಿ 22ರಂದು ಮುಷ್ಕರ ಆರಂಭವಾಗಿ, ರಾಜ್ಯದ 55 ಕೌಂಟಿಗಳ ಶಾಲೆಗಳೂ ಮುಚ್ಚಿದವು. ಮಾರ್ಚಿ ಮೊದಲ ವಾರದಲ್ಲಿ ಶೇಕಡಾ 5ರ ಸಂಬಳ ಏರಿಕೆ ಪಡೆದೇ ಅವರು ತರಗತಿಗೆ ಮರಳಿದರು.

ಮೊದಲು ಉಡುಗೊರೆ, ಆಮೇಲೆ ರಿಯಾಯಿತಿ, ಕೊನೆಗೆ ದಂಡ. ಈ ಮೂರು ಮೆಟ್ಟಿಲನ್ನು ನೆನಪಿಡಿ.

ಪೊರಕೆ ಹಿಡಿದ ಕೈಗೆ ಗಡಿಯಾರ

ದೂರದ ಮಾತು ಸಾಕು, ನಮ್ಮ ದೇಶಕ್ಕೇ ಬರೋಣ. ನಾಗಪುರ, ಚಂಡೀಗಢ, ಪಂಚಕುಲ ಮುಂತಾದ ನಗರಗಳ ಪಾಲಿಕೆಗಳು ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿಸಿದವು. ಗುಡಿಸುವವನು ಎಲ್ಲಿದ್ದಾನೆ, ಎಷ್ಟು ಹೊತ್ತು ನಿಂತ, ತನ್ನ ಬೀದಿ ಬಿಟ್ಟು ಆಚೆ ಹೋದನೇ ಎಂಬುದೆಲ್ಲ ಕಚೇರಿಯ ಪರದೆಯ ಮೇಲೆ ಕಾಣಬೇಕು. ಕೆಲವು ಕಡೆ ಕ್ಯಾಮೆರಾ, ಮೈಕು ಸಹ ಇದ್ದವು. ಶೌಚಕ್ಕೆ ಹೋಗುವಾಗಲೂ ಯಾರಾದರೂ ನೋಡುತ್ತಿದ್ದಾರೋ ಎಂದು ಹೆಣ್ಣುಮಕ್ಕಳು ಅಳುಕಿದರು. ಗಡಿಯಾರ ಕೆಟ್ಟರೆ ಕೂಲಿಗೆ ಕತ್ತರಿ ಬೀಳುವ ಭಯ. ಚಂಡೀಗಢದಲ್ಲಿ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದರು.

ಅಧಿಕಾರಿಗಳು ಹೇಳುವುದು, "ಹಾಜರಿ ಸರಿಯಾಗಬೇಡವೆ?" ಎಂದು. ಆಗಲಿ! ಆದರೆ ಆ ಗಡಿಯಾರ ಕೊಡುವ ಮುನ್ನ ಕೈಗವಸು ಕೊಟ್ಟಿರಾ? ಗಡಿಯಾರಕ್ಕೆ ಹಣ ಸಿಕ್ಕ ಬೊಕ್ಕಸದಲ್ಲಿ ಬೂಟಿಗೆ ಹಣ ಏಕೆ ಸಿಗುವುದಿಲ್ಲ? ಗುಡಿಸುವವನ ಹೆಜ್ಜೆ ಎಣಿಸುವ ಯಂತ್ರವಿದೆ. ಅವನ ಬಾಕಿ ಕೂಲಿಯ ದಿನ ಎಣಿಸುವ ಯಂತ್ರ ಯಾವ ಗುತ್ತಿಗೆದಾರನ ಕೈಗೆ ಕಟ್ಟಿದ್ದೀರಿ?

ಒಂದೇ ಯಂತ್ರ. ಉಳ್ಳವನ ಕೈಯಲ್ಲಿ ಅದು ಒಡವೆ, ಇಲ್ಲದವನ ಕೈಯಲ್ಲಿ ಕೋಳ. ವ್ಯತ್ಯಾಸವಿರುವುದು ಯಂತ್ರದಲ್ಲಲ್ಲ, ಬಿಚ್ಚಿಡುವ ಹಕ್ಕಿನಲ್ಲಿ.

ಕಾಯಿದೆ ಏನೆನ್ನುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರಲ್ಲಿ ಸಂಸತ್ತು ಮಾಡಿದ ಡಿಜಿಟಲ್ ವೈಯಕ್ತಿಕ ಮಾಹಿತಿಯ ಕಾಯಿದೆಯ 7ನೆಯ ಕಲಮಿನಲ್ಲಿ, ಉದ್ಯೋಗದ ಉದ್ದೇಶಕ್ಕಾದರೆ ನೌಕರನ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಬಹುದೆಂದು ಕಿಂಡಿ ಬಿಟ್ಟಿದ್ದಾರೆ. ಮುಂಬಾಗಿಲಲ್ಲಿ ಕೊಟ್ಟ ಹಕ್ಕನ್ನು ಹಿತ್ತಲಿನಿಂದ ಕಸಿಯುವುದೆಂದರೆ ಇದೇ.

ಕೊಳ್ಳುವ ಮುನ್ನ

ಇಷ್ಟಾದರೂ ಕೊಡಲೇಬೇಕೆಂದರೆ ಅಂಗಡಿಯಲ್ಲಿ ಇಷ್ಟನ್ನು ಕೇಳಿ. ಮೊಬೈಲಿಲ್ಲದೆ, ಖಾತೆ ತೆರೆಯದೆ ಇದು ಹೆಜ್ಜೆ ತೋರಿಸುತ್ತದೆಯೇ? ಗುರಿಯನ್ನು ತೊಡುವವರೇ ಇಳಿಸಿಕೊಳ್ಳಬಹುದೇ? ಕೂಡಿದ ಲೆಕ್ಕವನ್ನು ಅಳಿಸಬಹುದೇ? ಕನ್ನಡಕವಿಲ್ಲದೆ, ಬಿಸಿಲಿನಲ್ಲಿ ಅಕ್ಷರ ಕಾಣುತ್ತದೆಯೇ? ಕೆಟ್ಟರೆ ನಮ್ಮ ಊರಿನಲ್ಲಿ ರಿಪೇರಿಯುಂಟೇ? ಬರಿಯ ಹೆಜ್ಜೆ ಎಣಿಸಿದರೆ ಸಾಕೆನ್ನುವವರಿಗೆ ಸೊಂಟಕ್ಕೆ ಸಿಕ್ಕಿಸುವ ಸಾದಾ ಯಂತ್ರ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದು ಯಾರಿಗೂ ಚಾಡಿ ಹೇಳುವುದಿಲ್ಲ. ಎಲ್ಲಕ್ಕಿಂತ ಮೊದಲು, ತೊಡುವವರನ್ನೇ ಕೇಳಿ.

ಗೆಳೆಯರು ಹೋಗಿ ಕೇಳಿದರಂತೆ. ಮೇಡಂ ನಕ್ಕು, "ಇಷ್ಟು ವರ್ಷ ನಾನು ಹಾಜರಿ ಕೂಗಿದ್ದಾಯಿತು. ಇನ್ನು ನನ್ನ ಹಾಜರಿ ಯಾರೂ ಕೂಗುವುದು ಬೇಡ" ಎಂದರಂತೆ. ಆ ಹಣದಲ್ಲಿ ಅವರಿಗೊಂದು ಜೊತೆ ನಡಿಗೆಯ ಬೂಟು ಬಂತು. ಉಳಿದದ್ದರಲ್ಲಿ, ಅವರೇ ಹೇಳಿದಂತೆ, ಬಿಸಿಯೂಟದ ಅಡುಗೆಯಮ್ಮನಿಗೂ ಒಂದು ಜೊತೆ ಬಂತು.

ಓದುಗ ಮಿತ್ರರೇ, ಮೇಡಂ ಅವರಿಗೆ ಬೇಡವೆನ್ನುವ ಅವಕಾಶವಿತ್ತು. ನಸುಕಿನಲ್ಲಿ ನಿಮ್ಮ ಬೀದಿ ಗುಡಿಸುವ ಹೆಣ್ಣುಮಗಳಿಗೂ ಅದೇ ಅವಕಾಶ ಬೇಕು. ಕೆಲಸದ ಹೊತ್ತು ಕಳೆದ ಮೇಲೆ ಎಣಿಕೆಯಿಲ್ಲ, ಸಂಘದ ಒಪ್ಪಿಗೆಯಿಲ್ಲದೆ ಯಂತ್ರವಿಲ್ಲ, ಯಂತ್ರದ ಮಾತು ನಂಬಿ ಕೂಲಿ ಕಡಿತವಿಲ್ಲ ಎಂದು ಕಾಯಿದೆಯಾಗಬೇಕು. ನಿಮ್ಮ ಊರಿನ ನಗರಸಭೆ ಇಂತಹ ಗಡಿಯಾರಕ್ಕೆ ಟೆಂಡರು ಕರೆದ ದಿನ ಪೌರಕಾರ್ಮಿಕರ ಪಕ್ಕದಲ್ಲಿ ನೀವೂ ಹೋಗಿ ನಿಲ್ಲಿ.